ನಾಲ್ಕು ಮಂದಿ ಅಂತ ಬರಕೊಳ್ರಿ

ಒಂದು ಮನೆಯಲ್ಲಿ ಎಷ್ಟು ಜನ ಇದ್ದಾರೆಂದು ಕೇಳುವ ಮೊದಲೇ ನಾನು ಬಾಗಿಲ ಬಳಿಯ ಚಪ್ಪಲಿಗಳನ್ನು ನೋಡುತ್ತೇನೆ. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ. ಸರ್ಕಾರದ ಮನೆಮನೆ ಸಮೀಕ್ಷೆಯ ತರಬೇತಿಯಲ್ಲಿ ಆ್ಯಪ್ ತೆರೆಯುವುದು, ಮನೆಯ ಫೋಟೊ ತೆಗೆಯುವುದು, ಒಟಿಪಿ ಹಾಕಿ ಮುಗಿಸುವುದು ಇಷ್ಟನ್ನು ತೋರಿಸಿಕೊಟ್ಟಿದ್ದರು. ಚಪ್ಪಲಿಯ ಚಾಳಿ ನನ್ನದೇ. ಬಾಯಿ ಒಂದು ಹೇಳುತ್ತದೆ, ಹೊಸ್ತಿಲು ಇನ್ನೊಂದು ಹೇಳುತ್ತದೆ. ಎರಡೂ ತಾಳೆಯಾದರೆ ಮುಂದಿನ ಮನೆಗೆ ನೆಮ್ಮದಿಯಿಂದ ಹೋಗುತ್ತೇನೆ. ಆಗದಿದ್ದರೆ ಆ ಮನೆ ನನ್ನ ಹಿಂದೆಯೇ ನಡೆದು ಬರುತ್ತದೆ.

ನಾನು ಹರಪನಹಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವವಳು. ಹೆಸರು ಸುಮಲತಾ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸ್ ಬಂದು ನೋಡುವ ಜಾತಿಯವಳು. ಇಂಥವಳಿಗೆ ಹತ್ತಿರದ ತೆಲಿಗಿ ಗ್ರಾಮದಲ್ಲಿ ನೂರಾ ಹದಿನೆಂಟು ಮನೆಗಳನ್ನು ಕೊಟ್ಟು, ಒಳಗಿರುವವರ ಜಾತಿ, ಓದು, ಉದ್ಯೋಗ, ಹೊಲ, ಕುರಿ, ಕೋಳಿ ಎಲ್ಲವನ್ನೂ ಕೇಳಿಕೊಂಡು ಬಾ ಎಂದರೆ ಏನಾಗಬೇಕು? ಮೊದಲ ದಿನ ಪ್ರತಿ ಉತ್ತರವನ್ನೂ ಎರಡೆರಡು ಸಲ ಓದಿ ಒತ್ತಿದೆ. ಮೂರನೆಯ ದಿನದ ಹೊತ್ತಿಗೆ ಅಂಜಿಕೆ ಕರಗಿ, ಅದರ ಜಾಗದಲ್ಲಿ ಕುತೂಹಲ ಬಂದು ಕೂತಿತು. ಜನ ತಮ್ಮ ಬಗ್ಗೆ ತಾವು ಏನು ಹೇಳಿಕೊಳ್ಳುತ್ತಾರೆ ಎಂಬುದರಷ್ಟು ವಿಚಿತ್ರವಾದದ್ದು ಬೇರೆ ಇಲ್ಲ. ಅಂಜಿನಕ್ಕ ಎಂಬ ಹೆಂಗಸು ಮಡಿಲ ತುಂಬ ಮೆಕ್ಕೆಜೋಳದ ತೆನೆ ಇಟ್ಟುಕೊಂಡು, ಹೆಬ್ಬೆರಳಲ್ಲಿ ಕಾಳು ಬಿಡಿಸುತ್ತಲೇ, ಉದ್ಯೋಗ ಏನೂ ಇಲ್ಲವೆಂದೂ ಸುಮ್ಮನೆ ಮನೆಯಲ್ಲಿ ಇರುತ್ತೇನೆಂದೂ ಹೇಳಿದಳು. ನಾನು 'ಗೃಹಿಣಿ' ಎಂದು ಒತ್ತಿದೆ. ಆ ಓಣಿ ಮುಗಿಯುವವರೆಗೂ ಅವಳ ಹೆಬ್ಬೆರಳು ನನ್ನ ಕಣ್ಣ ಮುಂದಿತ್ತು.

ನಮ್ಮ ಮನೆಯ ಫಾರಂ ತುಂಬಿದ್ದೂ ಅದೇ ವಾರ. ಧರ್ಮ, ಜಾತಿ, ಉಪಜಾತಿ ಎಂಬ ಮೂರು ಕಾಲಂಗಳ ಮೇಲೆ ನನ್ನ ಮಾವ ಗುರುಸಂಗಪ್ಪನವರೂ ಗಂಡ ಅರುಣಕುಮಾರರೂ ಎರಡು ದಿನ ವಾದ ಮಾಡಿದರು. ನಾನೂ ಅತ್ತೆಯೂ ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡೆವು. ಊರಿನವರನ್ನೆಲ್ಲ ಕೇಳಿ ಬರೆದುಕೊಳ್ಳುವವಳನ್ನು ಮನೆಯಲ್ಲಿ ಯಾರೂ ಕೇಳಲಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಆಗ ನನಗೆ ಅದು ಹೊಳೆದೂ ಇರಲಿಲ್ಲ.

ಐದನೆಯ ದಿನ ಬೆಳಿಗ್ಗೆ, ಶಾಲೆಗೆ ಹೋಗುವ ಮೊದಲೇ, ಊರಂಚಿನ ಪಾಲಾಕ್ಷಪ್ಪನ ಮನೆಗೆ ಹೋದೆ. ಕುರಿ ಸಾಕುವವರ ಮನೆ. ಪಕ್ಕದಲ್ಲಿ ಮುಳ್ಳುಬೇಲಿಯ ಕುರಿಹಟ್ಟಿ ಖಾಲಿಯಿತ್ತು. ಪಾಲಾಕ್ಷಪ್ಪ ಹಿಂಡು ಹೊಡೆದುಕೊಂಡು ಹಡಗಲಿಯ ಕಡೆ ಹೊಳೆದಂಡೆಯ ಹೊಲಗಳಿಗೆ ಹೋಗಿದ್ದ. ಅಲ್ಲಿಯ ರೈತರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿಸಿ ಮಲಗಿಸಿಕೊಳ್ಳುತ್ತಾರೆ. ಮನೆಯಲ್ಲಿ ಸಿಕ್ಕವಳು ಅವನ ಹೆಂಡತಿ ಮರುಳಸಿದ್ದಮ್ಮ. ಐವತ್ತರ ಆಸುಪಾಸಿನ, ಗಟ್ಟಿ ಎಲುಬಿನ, ಮಾತನ್ನು ಅಳೆದು ಕೊಡುವ ಹೆಂಗಸು. ಗೋಡೆಗೆ ಒರಗಿ ಅವಳ ಅತ್ತೆ ಗಾದೆಮ್ಮ ಕೂತಿದ್ದಳು. ಕಿರಿಯ ಮಗಳು ಭೂಮಿಕಾ ಚಾಪೆ ಹಾಸಿ ನೀರು ತಂದಿಟ್ಟಳು.

ಎಷ್ಟು ಮಂದಿ ಇದ್ದೀರಿ ಎಂದು ಕೇಳಿದೆ.

"ನಾಲ್ಕು ಮಂದಿ ಅಂತ ಬರಕೊಳ್ರಿ," ಅಂದಳು ಮರುಳಸಿದ್ದಮ್ಮ.

ಗಂಡ, ತಾನು, ಅತ್ತೆ, ಭೂಮಿಕಾ. ಸರಿಯೇ. ಆದರೆ ಹೊಸ್ತಿಲ ಹೊರಗೆ ಮುದುಕಿಯ ಹರಿದ ಹವಾಯಿ, ಮರುಳಸಿದ್ದಮ್ಮನ ಪ್ಲಾಸ್ಟಿಕ್ ಚಪ್ಪಲಿ, ಭೂಮಿಕಾಳ ಬಿಳಿ ಬೂಟುಗಳ ಜೊತೆಗೆ ಇನ್ನೊಂದು ಜೋಡಿ ಇತ್ತು: ಸ್ವಲ್ಪ ಎತ್ತರದ ಹಿಮ್ಮಡಿಯ, ಪಟ್ಟಿ ಕಿತ್ತು ಹೊಲಿಸಿದ, ಕಂದು ಬಣ್ಣದ್ದು. ಅದು ಮೂವರಲ್ಲಿ ಯಾರ ಕಾಲಿಗೂ ಒಪ್ಪುವಂತಿರಲಿಲ್ಲ. ಒಳಗೆ ಗೋಡೆಯ ಗೂಡಿನಲ್ಲಿ ಒಂದು ಫೋನು ಚಾರ್ಜಿಗೆ ಬಿದ್ದಿತ್ತು. ಮುಖ ನೋಡಿಕೊಳ್ಳುವ ಕಡೆಯ ಕ್ಯಾಮೆರಾದ ಕಣ್ಣಿನ ಮೇಲೆ ಸರಿಯಾಗಿ ಒಂದು ಕೆಂಪು ಬಿಂದಿ ಅಂಟಿಸಿತ್ತು. ಇಂಥದ್ದನ್ನು ನೋಡಿಯೂ ನೋಡದಂತೆ ಇರುವುದು ನನಗೆ ಸಾಧ್ಯವಿಲ್ಲ.

ಮುಂದಿನ ಪ್ರಶ್ನೆ ಕುರಿಗಳದ್ದು. ಎಷ್ಟಿವೆ ಎಂದರೆ ಮರುಳಸಿದ್ದಮ್ಮ ಇವೆ ಎಂದಳು. ಸಂಖ್ಯೆ ಬೇಕಮ್ಮಾ ಎಂದರೆ ಹಟ್ಟಿ ತುಂಬ ಇವೆ ಎಂದಳು. ಕೊನೆಗೆ ಒಳ್ಳೆಯ ಮನಸ್ಸಿನಿಂದಲೇ ನನಗೆ ಬುದ್ಧಿ ಹೇಳಿದಳು: ಕುರಿ, ಕೂಸು, ರೊಟ್ಟಿ ಈ ಮೂರನ್ನು ಬಾಯಿಬಿಟ್ಟು ಎಣಿಸಬಾರದಂತೆ, ಎಣಿಸಿದರೆ ಏಳಿಗೆಯಾಗುವುದಿಲ್ಲವಂತೆ. ನನ್ನ ಪಾಡು ನೋಡಲಾರದೆ, ನಲವತ್ತು ಅಂದುಕೊಳ್ರಿ ಎಂದಳು. ಆ ಹಟ್ಟಿಯಲ್ಲಿ ನೂರಕ್ಕೆ ಕಡಿಮೆ ಕುರಿ ಹಿಡಿಯುವುದಿಲ್ಲವೆಂದು ನನ್ನಂಥ ಪೇಟೆಯವಳಿಗೂ ತಿಳಿಯುತ್ತಿತ್ತು.

ಎಲ್ಲವನ್ನೂ ಕೇಳಿ ಮುಗಿಸಿದರೂ ಫಾರಂ ಮುಗಿಯಲಿಲ್ಲ. ಒಟಿಪಿ ಯಜಮಾನನ ಫೋನಿಗೆ ಹೋಗಬೇಕು, ಅವನು ಓದಿ ಹೇಳಬೇಕು. ಪಾಲಾಕ್ಷಪ್ಪನ ಫೋನು ಹತ್ತಲಿಲ್ಲ. ಮರುದಿನ ಬರುತ್ತೇನೆಂದು ಹೇಳಿ ಎದ್ದೆ.

ಆ ಸಂಜೆ ಊಟಕ್ಕೆ ಕೂತಾಗ ನಾಲ್ಕು ಮಂದಿ ಮತ್ತು ಹೆಚ್ಚಿನ ಚಪ್ಪಲಿಯ ವಿಷಯ ತೆಗೆದೆ. ಮಾವನವರು ನಲವತ್ತು ವರ್ಷದಿಂದ ಮೆಕ್ಕೆಜೋಳದ ವ್ಯಾಪಾರ ಮಾಡಿದವರು. ಸುತ್ತಲಿನ ಹಳ್ಳಿಗಳಲ್ಲಿ ಅವರಿಗೆ ಗೊತ್ತಿಲ್ಲದ ಸಂಗತಿ ಇಲ್ಲ, ಇದ್ದರೂ ಅವರು ಒಪ್ಪಿಕೊಳ್ಳುವುದಿಲ್ಲ. ಕುರಿಯವರು ಏನೇ ಎಣಿಸಿದರೂ ಒಂದನ್ನು ಬಿಟ್ಟು ಹೇಳುತ್ತಾರೆ, ಆ ಒಂದು ಮೈಲಾರಪ್ಪನ ಪಾಲು ಎಂದು ತೀರ್ಪು ಕೊಟ್ಟರು. ಕುರಿಯಾದರೂ ಅಷ್ಟೆ, ಮನುಷ್ಯರಾದರೂ ಅಷ್ಟೆ.

ನನಗೆ ಇದು ಎಷ್ಟು ಹಿಡಿಸಿತೆಂದರೆ, ಊಟವಾದ ಮೇಲೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟೆ. ದೇವರಿಗಾಗಿ ಒಬ್ಬರನ್ನು ಲೆಕ್ಕದ ಹೊರಗೆ ಇಡುವ ಜನ! ಒಂಬತ್ತನೆಯ ತರಗತಿಯ ಮಕ್ಕಳಿಗೆ ಹೇಳಬೇಕೆಂದುಕೊಂಡೆ. ನಾನು ಓದಿದವಳು. ಹಾಗಾಗಿಯೇ ಇಷ್ಟು ಸುಲಭಕ್ಕೆ ಏಮಾರಿದೆ. ಓದದವಳಾಗಿದ್ದರೆ ಆ ಚಪ್ಪಲಿ ಯಾರದಮ್ಮಾ ಎಂದು ಅಲ್ಲೇ ಕೇಳಿರುತ್ತಿದ್ದೆ.

ಮರುದಿನ ಶನಿವಾರ. ಶಾಲೆ ಮುಗಿಸಿ ಮಧ್ಯಾಹ್ನದ ತೆಲಿಗಿ ಬಸ್ಸು ಹತ್ತಿದೆ. ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾ ಹೆಂಗಸರ ಹಿಂಡಿನಲ್ಲಿ ತೂರಿಕೊಂಡು ಹೋಗುತ್ತಿದ್ದ. ಪಕ್ಕದಲ್ಲಿ ಬಂದು ಕೂತ ಹುಡುಗಿಗೆ ಇಪ್ಪತ್ತೈದು ಇದ್ದೀತು. ನನ್ನ ಚೀಲದ ಮೇಲಿನ ಸಮೀಕ್ಷೆಯ ಗುರುತಿನ ಚೀಟಿಯನ್ನು ನೋಡಿದಳು. ನಾನು ಅವಳ ಕಾಲನ್ನು ನೋಡಿದೆ. ಕಂದು ಚಪ್ಪಲಿ, ಪಟ್ಟಿಗೆ ಹೊಲಿಗೆ.

ಪಾಲಾಕ್ಷಪ್ಪನವರ ಮನೆಯಲ್ಲಿ ಎಷ್ಟು ಜನರೆಂದು ಬರೆದುಕೊಂಡಿರಿ ಎಂದು ಅವಳೇ ಕೇಳಿದಳು. ನಾಲ್ಕು ಎಂದೆ.

"ನಾನು ಐದನೇದಾಕಿ ಟೀಚರ್. ಚಂದನಾ. ಅವರ ಹಿರೇಮಗಳು. ನಿನ್ನಿ ನೀವು ಬಂದಾಗ ಒಳಗಾ ಇರು ಅಂದಿದ್ಲು ಅವ್ವ."

ಬಸ್ಸು ಊರು ದಾಟಿ ಮೆಕ್ಕೆಜೋಳದ ಹೊಲಗಳ ನಡುವೆ ಬಿದ್ದಿತು. ಅವಳು ತನ್ನ ಕಥೆಯನ್ನು ಅಳದೆ, ಅವಸರಪಡದೆ, ಯಾರದೋ ಅರ್ಜಿ ಓದಿದ ಹಾಗೆ ಹೇಳಿದಳು. ಹರಪನಹಳ್ಳಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಜನರ ಆನ್‌ಲೈನ್ ಅರ್ಜಿ ತುಂಬುವುದೇ ಅವಳ ಕೆಲಸವಂತೆ. ಬಿ.ಕಾಂ. ಮುಗಿಸಿದ್ದಾಳೆ. ಮದುವೆಯಾಗಿ ಎರಡು ವರ್ಷ. ಗಂಡ ಮೈಲಾರೇಶ್ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯವನು, ಅವರದೂ ಕುರಿಯ ಮನೆತನವೇ. ಹಿಂದೊಮ್ಮೆ ಕಳ್ಳರು ವ್ಯಾನು ತಂದು ಅವರ ಹಟ್ಟಿಯಿಂದ ಕುರಿ ತುಂಬಿಕೊಂಡು ಹೋದರು. ಆಗ ಅವನು ಹಟ್ಟಿಗೆ ಎರಡು ಕ್ಯಾಮೆರಾ ಹಾಕಿಸಿದ. ಹಾಕುವುದನ್ನು ನೋಡಿ ನೋಡಿ ತಾನೇ ಕಲಿತ. ಈಗ ಹಗರಿಬೊಮ್ಮನಹಳ್ಳಿಯಲ್ಲಿ ಮೊಬೈಲ್, ಕ್ಯಾಮೆರಾಗಳ ಅಂಗಡಿ. ಅವನು ಕುಡಿಯುವುದಿಲ್ಲ, ಬಡಿಯುವುದಿಲ್ಲ, ದುಡಿಯುತ್ತಾನೆ. ಇದನ್ನು ಅವಳು ಮೊದಲೇ ಹೇಳಿದಳು, ಕೇಳುವವರೆಲ್ಲ ಅದನ್ನೇ ಮೊದಲು ಕೇಳುತ್ತಾರೆಂದು ಗೊತ್ತಿದ್ದವಳ ಹಾಗೆ.

ಮದುವೆಯಾದ ಹೊಸದರಲ್ಲಿ ಮುಂಬಾಗಿಲಿಗೆ ಒಂದು ಕ್ಯಾಮೆರಾ ಬಂತು. ಆಮೇಲೆ ಪಡಸಾಲೆಗೆ. ಆಮೇಲೆ, ಸಿಲಿಂಡರ್ ಇರುವ ಜಾಗ, ಸುರಕ್ಷತೆಗೆ ಇರಲಿ ಎಂದು, ಅಡುಗೆಮನೆಗೆ. ಅವನು ಅಂಗಡಿಯಲ್ಲಿ ಕೂತು ನೋಡುತ್ತಿದ್ದ. ಹಾಲು ಉಕ್ಕುತ್ತಿದೆ ನೋಡು ಎಂದು ಫೋನು ಮಾಡುತ್ತಿದ್ದ. ಮೊದಮೊದಲು ಅವಳಿಗೆ ನಗು ಬರುತ್ತಿತ್ತು, ಕ್ಯಾಮೆರಾಕ್ಕೆ ಕೈಬೀಸುತ್ತಿದ್ದಳು. ಆಮೇಲೆ ಫೋನು ಬೇಕಾಗಲಿಲ್ಲ. ಮಾತಾಡುವ ಕ್ಯಾಮೆರಾಗಳು ಬಂದವು. ಬದನೆಕಾಯಿ ಹೆಚ್ಚುತ್ತಾ ಕೂತವಳಿಗೆ ಜಂತಿಯ ಕಡೆಯಿಂದ ಗಂಡನ ದನಿ ಕೇಳುತ್ತಿತ್ತು: ಪಕ್ಕದ ಮನೆಯವಳ ಜೊತೆ ಏನು ಅಷ್ಟು ನಗು? ನಲವತ್ತು ನಿಮಿಷದಿಂದ ಯಾಕೆ ಅಲ್ಲೇ ಕೂತಿದ್ದೀ? ಒಂದು ದಿನ ಅವಳು ಕುರ್ಚಿ ಹತ್ತಿ ಅದರ ಮುಖವನ್ನು ಗೋಡೆಗೆ ತಿರುಗಿಸಿದಳು. ಹತ್ತು ನಿಮಿಷದಲ್ಲಿ ಹೊಲದಿಂದ ಅತ್ತೆ ಓಡಿಬಂದು ಮತ್ತೆ ಇವಳ ಕಡೆಗೆ ತಿರುಗಿಸಿದಳು. ಮಗ ಫೋನು ಮಾಡಿದ್ದನಂತೆ. ಮರುದಿನ ಇವಳು ತೆಲಿಗಿಗೆ ಬಂದಳು. ಈಗ ಏಳು ತಿಂಗಳು.

ಮನೆಯವರು ಏನೆಂದರು ಎಂದು ಕೇಳಿದೆ.

"ಏನಂತಾರ್ರಿ? ಕುಡೀತಾನಾ ಅಂದ್ರು, ಇಲ್ಲ ಅಂದೆ. ಬಡೀತಾನಾ ಅಂದ್ರು, ಇಲ್ಲ ಅಂದೆ. ಮತ್ತೇನವ್ವಾ ನಿಂದು ಅಂದ್ರು. ನಮ್ಮೋರಿಗೆ ಕಾಯೋದು ಅಂದ್ರ ಪ್ರೀತಿ ಟೀಚರ್. ಕುರಿ ಕಾದಂಗ ಕಾಯ್ತಾನ, ಅದನ್ನ ತಪ್ಪು ಅಂತೀಯಲ್ಲ ಅಂತ ನಮ್ಮ ದೊಡ್ಡಪ್ಪ ನಕ್ಕ."

ನಾನು ಕಿಟಕಿಯ ಕಡೆ ತಿರುಗಿದೆ. ನನ್ನ ಮಗ ಪ್ರಬುದ್ಧ ದಾವಣಗೆರೆಯ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಾನೆ. ಅವನ ಫೋನು ಎಲ್ಲಿದೆ ಎಂದು ತೋರಿಸುವ ನೀಲಿ ಚುಕ್ಕೆಯನ್ನು ನಾನು ದಿನಕ್ಕೆ ಎಂಟು ಹತ್ತು ಸಲ ನೋಡುತ್ತೇನೆ. ಆ ಬಸ್ಸು ಹತ್ತುವ ಮೊದಲೂ ನೋಡಿದ್ದೆ. ನಾನೂ ಅದಕ್ಕೆ ಪ್ರೀತಿ ಎಂದೇ ಹೆಸರಿಟ್ಟುಕೊಂಡಿದ್ದೆ. ಅವನು ಏನೆಂದು ಕರೆಯುತ್ತಾನೋ ಕೇಳಿಲ್ಲ.

ಚಂದನಾಳಿಗೆ ನನ್ನ ಅನುಕಂಪ ಬೇಕಿರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ: ತೆಲಿಗಿಯ ಮನೆಯ ಫಾರಂನಲ್ಲಿ ತನ್ನ ಹೆಸರು. ತಂಬ್ರಹಳ್ಳಿಯ ಮನೆಯಲ್ಲಿ ಸಮೀಕ್ಷೆ ಆಗಲೇ ಮುಗಿದಿತ್ತು. ಮೈಲಾರೇಶ್ ಅವಳ ಹೆಸರನ್ನೂ ಸೇರಿಸಿ, ಮುಗಿದ ಫಾರಂನ ಫೋಟೊ ತೆಗೆದು ಅವಳಿಗೆ ಕಳಿಸಿದ್ದ. ಕೆಳಗೆ ಒಂದೇ ಸಾಲು: ಸರ್ಕಾರದ ಪ್ರಕಾರ ನೀನು ಇಲ್ಲೇ ಇದ್ದೀ. ಬರುವ ಸೋಮವಾರ ಎರಡೂ ಕಡೆಯ ಹಿರಿಯರು ಕೂಡುವವರಿದ್ದರು, ಅವಳನ್ನು ವಾಪಸ್ ಕಳಿಸುವುದಕ್ಕೆ. ಅಲ್ಲಿ ಅವನು ಆ ಫೋಟೊ ತೋರಿಸುತ್ತಾನೆ. ತೆಲಿಗಿಯ ಓಣಿಯಲ್ಲಿ ಅವಳವ್ವ ಹೇಳಿಕೊಂಡಿರುವುದೂ ಅದಕ್ಕೆ ಅನುಕೂಲವೇ: ಮಗಳು ಕಂಪ್ಯೂಟರ್ ಕೋರ್ಸಿಗೆ ಬಂದಿದ್ದಾಳೆ, ಮುಗಿದ ಮೇಲೆ ಗಂಡನ ಮನೆಗೆ ಹೋಗುತ್ತಾಳೆ. ಭೂಮಿಕಾಳಿಗೆ ಕೊಟ್ಟೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅಕ್ಕ ಗಂಡನನ್ನು ಬಿಟ್ಟು ಬಂದಿದ್ದಾಳೆಂದು ತಿಳಿದರೆ ಅದು ನಿಲ್ಲುವುದಿಲ್ಲವೆಂದು ಅವ್ವನ ಭಯ.

"ಅಲ್ಲಿ ನನ್ನ ಗಳಿಗಿ ಗಳಿಗಿಗೂ ಎಣಿಸ್ತಿದ್ರು," ಅಂದಳು, ಊರು ಹತ್ತಿರವಾದಾಗ. "ಇಲ್ಲಿ ಒಂದ್ ಸಲನೂ ಎಣಿಸವಲ್ರು."

ಬಸ್ಸಿಳಿದು ಇಬ್ಬರೂ ಜೊತೆಯಲ್ಲೇ ನಡೆದೆವು. ನಿಜ ಹೇಳಬೇಕೆಂದರೆ ನನಗೂ ನಾಲ್ಕೇ ಸುಲಭ. ಒಟಿಪಿ ಹಾಕಿ, ಮುಗಿಸಿ, ಸಂಜೆಯ ಬಸ್ಸು ಹಿಡಿಯಬಹುದಿತ್ತು. ಯಾರೂ ಬಂದು ಚಪ್ಪಲಿ ಎಣಿಸುವುದಿಲ್ಲ.

ನಮ್ಮಿಬ್ಬರನ್ನೂ ಒಟ್ಟಿಗೆ ಕಂಡ ಮರುಳಸಿದ್ದಮ್ಮನ ಮುಖ ಬಿಗಿಯಾಯಿತು. ಚಾಪೆ ಹಾಸಲು ಹೇಳಲಿಲ್ಲ. ನಾನೇ ಕಟ್ಟೆಯ ಮೇಲೆ ಕೂತೆ. ಚಂದನಾ ಒಳಗೆ ಹೋಗದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ನಾನು ನಿಯಮದ ಪುಸ್ತಕ ತೆಗೆದು, ತರಗತಿಯಲ್ಲಿ ಓದುವ ಹಾಗೆ ಓದಿದೆ: ಆರು ತಿಂಗಳು ಮತ್ತು ಅದಕ್ಕಿಂತ ಹೆಚ್ಚು ಕಾಲ ಈ ಮನೆಯಲ್ಲಿ ವಾಸವಿರುವವರು ಈ ಮನೆಯ ಸದಸ್ಯರು.

ನಾಲ್ಕೇ ಎಂದಳು ಮರುಳಸಿದ್ದಮ್ಮ.

ನಾನು ಕಟ್ಟೆಯಿಂದ ಏಳಲಿಲ್ಲ. ನನ್ನ ಬಳಿ ಇದ್ದ ಧೈರ್ಯ ಅಷ್ಟೇ. ಕಂಡದ್ದನ್ನು ಸುಳ್ಳೆಂದು ಬರೆಯಲಾರೆ, ನೀವು ಹೇಳದ್ದನ್ನು ನಾನಾಗಿ ಬರೆಯಲೂ ಆರೆ, ಹೇಳುವವರೆಗೆ ಕೂತಿರುತ್ತೇನೆ ಎಂದೆ. ಮಾತು ಹೊರಬಿದ್ದ ಮೇಲೆ ನನಗೇ ಹೆದರಿಕೆಯಾಯಿತು. ಜೊತೆಗೆ ಮುಚ್ಚಿಡಬಾರದ ಇನ್ನೊಂದನ್ನೂ ಹೇಳಿದೆ. ಚಂದನಾಳ ಆಧಾರ್ ತಂಬ್ರಹಳ್ಳಿಯಲ್ಲಿ ಆಗಲೇ ಸೇರಿದೆ. ಇಲ್ಲಿ ಸೇರಿಸಿದರೆ ಅಲ್ಲಿಯದನ್ನು ಮತ್ತೆ ಪರಿಶೀಲಿಸುತ್ತಾರೆ. ಆ ಕಾರ್ಡಿಗೆ ಜೋಡಿಸಿರುವ ಫೋನ್ ನಂಬರಿಗೆ ಒಂದು ಮೆಸೇಜೂ ಹೋಗುತ್ತದೆ. ಮದುವೆಯಾದ ಮೇಲೆ ಕಾರ್ಡಿಗೆ ಜೋಡಿಸಿದ್ದು ಮೈಲಾರೇಶನ ನಂಬರ್.

"ಕೇಳಿದ್ಯಾ?" ಎಂದು ಮರುಳಸಿದ್ದಮ್ಮ ಮಗಳ ಕಡೆ ತಿರುಗಿದಳು. ಆಮೇಲೆ ನನ್ನ ಕಡೆ. ದನಿ ಇಳಿದಿತ್ತು. "ಬಾಯಾಗಿನ ಮಾತಾದ್ರ ನಾಳಿ ತಿರುವಬೌದ್ರಿ. ಸಿಟ್ಟಿಗಿ ಬಂದಿದ್ಲು ಅನ್ನಬೌದು, ಕೋರ್ಸಿಗಿ ಬಂದಿದ್ಲು ಅನ್ನಬೌದು. ನೀವು ಬರದುಬಿಟ್ರ ಏನಂತ ತಿರುವ್ಲಿ? ನಾ ಏನ್ ಅವಳ ವೈರಿ ಏನ್ರಿ?"

ವೈರಿಯಲ್ಲ. ಅದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಏಳು ತಿಂಗಳಿಂದ ಅವಳು ಮಗಳಿಗಾಗಿ ಎರಡೂ ಕಡೆಯ ಬಾಗಿಲುಗಳನ್ನು ತೆರೆದು ಹಿಡಿದು ನಿಂತಿದ್ದಳು. ಕೈ ಸೋತಿತ್ತು. ಒಂದನ್ನು ಬಿಟ್ಟರೆ ಅದು ತಾನೇ ಮುಚ್ಚಿಕೊಳ್ಳುತ್ತದೆಂದು ಅವಳಿಗೆ ಗೊತ್ತಿತ್ತು.

ವಾತಾವರಣ ತಿಳಿಮಾಡಬೇಕೆಂದು ನಾನು ಪೆದ್ದಿಯ ಹಾಗೆ ಮಾವನವರ ಮಾತು ತೆಗೆದೆ. ನಿಮ್ಮಲ್ಲಿ ದೇವರಿಗೆಂದು ಒಬ್ಬರನ್ನು ಬಿಟ್ಟು ಲೆಕ್ಕ ಹೇಳುತ್ತೀರಂತಲ್ಲ, ಹಾಗೇನಾದರೂ ಇದೆಯೇ ಎಂದು ಕೇಳಿದೆ. ಅಲ್ಲಿಯವರೆಗೆ ಮಾತೇ ಆಡದ ಗಾದೆಮ್ಮ ಕೆಮ್ಮುತ್ತಾ ನಕ್ಕಳು. ಅವಳ ಬಾಯಲ್ಲಿ ಎರಡೇ ಹಲ್ಲು.

"ಯಾವ ದೇವ್ರವ್ವಾ? ಅದು ಕಳ್ರಿಗೆ ಮಾಡಿದ್ದು. ಹಟ್ಟ್ಯಾಗ ಎಷ್ಟದಾವು ಅಂತ ಗೊತ್ತಾದ್ರ ಬಂದು ಹೊಡಕೊಂಡ್ ಹೋಕ್ಕಾರ. ಅದ್ಕ ಕಡಿಮಿ ಹೇಳದು." ಅವಳು ಸೊಸೆಯತ್ತ ಗದ್ದ ಎತ್ತಿದಳು. "ಇಕಿ ನೋಡು, ಮಗಳ್ನ ಯಾರೋ ಕದೀತಾರ ಅಂತ ಕಡಿಮಿ ಹೇಳಾಕತ್ಯಾಳ. ಕದಿಯೋನ ಕೈಯಾಗ ತಾನಾ ಕೊಡಾಕ ಹೊಂಟಾಳ."

ಸುಮ್ಮನೆ ಕೂತ್ಕೋ ಮುದುಕಿ ಎಂದು ಮರುಳಸಿದ್ದಮ್ಮ ಗದರಿದಳು. ಸಿಟ್ಟು ಬಂದದ್ದು ಮಾತಿಗೋ, ಆ ಮಾತನ್ನು ಹೊರಗಿನವಳ ಎದುರು ಆಡಿದ್ದಕ್ಕೋ ತಿಳಿಯಲಿಲ್ಲ. ಹಿಂದಿನ ರಾತ್ರಿ ಮಕ್ಕಳಿಗೆ ಹೇಳಬೇಕೆಂದು ಬರೆದಿಟ್ಟ ನನ್ನ ಸುಂದರ ಸಂಗತಿ ಒಂದು ಕೆಮ್ಮಿಗೆ ಉದುರಿಹೋಗಿತ್ತು.

ಚಂದನಾ ಅವ್ವನ ಜೊತೆ ವಾದ ಮಾಡಲಿಲ್ಲ. ಮೆಸೇಜು ಹೋಗಲಿ ಬಿಡ್ರಿ, ಅವನಿಗೆ ಗೊತ್ತಾಗಲಿ ಎಂದೇ ಬರೆಸುತ್ತಿದ್ದೇನೆ ಎಂದು ನನಗೆ ಹೇಳಿದಳು. ಸೋಮವಾರದವರೆಗೆ ತಡೆಯೋಣ, ಹಿರಿಯರು ಏನಾದರೂ ದಾರಿ ಹುಡುಕುತ್ತಾರೆ ಎಂದಳು ಅವ್ವ. ಅಡುಗೆಮನೆಯ ಕ್ಯಾಮೆರಾ ಒಂದನ್ನು ತೆಗೆಸುವಂತೆ ಮಾತಾಡಿಸುತ್ತೇನೆ ಎಂದಳು. ಉಳಿದ ಎರಡು ಇರುತ್ತವೆಯೇ ಎಂದು ಚಂದನಾ ಕೇಳಿದಳು.

ಭೂಮಿಕಾ ಇಷ್ಟು ಹೊತ್ತೂ ಅಂಗಳದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಹತ್ತೊಂಬತ್ತು ವರ್ಷದವಳು. ಎಲ್ಲರೂ ಮಾತಾಡುತ್ತಿರುವುದು ತನ್ನ ಮದುವೆಯ ವಿಷಯವೂ ಹೌದೆಂಬುದು ಅವಳ ಬೆನ್ನಿನಿಂದಲೇ ತಿಳಿಯುತ್ತಿತ್ತು. ಅವಳು ಬಟ್ಟೆ ಹಿಂಡಿ ಹೆಗಲ ಮೇಲೆ ಹಾಕಿಕೊಂಡು ಎದ್ದು ಬಂದಳು. ತೋಳಿನಿಂದ ನೀರು ಸೋರುತ್ತಿತ್ತು.

"ಬರಸವ್ವಾ," ಅಂದಳು. "ಕೊಟ್ಟೂರಿನೋರು ಬ್ಯಾಡ ಅಂದ್ರ ಅನ್ಲಿ. ನಾಳಿ ನಾನೂ ಹಿಂಗ ಬರಬೇಕಾದ್ರ? ಆಗ ನನ್ನೂ ಕೋರ್ಸಿಗಿ ಬಂದಾಳ ಅಂತೀಯೇನು?"

ಕೊನೆಯ ಮಾತಿಗೆ ಅವಳೇ ಸ್ವಲ್ಪ ನಕ್ಕಳು. ಬೇರೆ ಯಾರೂ ನಗಲಿಲ್ಲ. ಅವಳು ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದಳು. ಮತ್ತೆ ಬೇಗ ಬರಲಿಲ್ಲ. ನನಗೆ ಹಿಂದೆ ಹೋಗಿ ನೋಡಬೇಕೆನಿಸಿತು, ಅವಳು ಅಳುತ್ತಿರಬಹುದೇ ಎಂದು. ಆದರೆ ಆ ದಿನ ನನಗೆ ನೋಡುವುದರ ಬಗ್ಗೆಯೇ ಒಂದು ಹಿಂಜರಿಕೆ ಹುಟ್ಟಿತ್ತು. ಕೂತಲ್ಲೇ ಕೂತೆ.

ಮರುಳಸಿದ್ದಮ್ಮ ಖಾಲಿ ಹಟ್ಟಿಯ ಕಡೆ ನೋಡಿದಳು. ಆಮೇಲೆ ಸೊಂಟದಿಂದ ತನ್ನ ಸಣ್ಣ ಫೋನು ತೆಗೆದು ಗಂಡನಿಗೆ ಹಚ್ಚಿದಳು. ಈ ಸಲ ಹತ್ತಿತು. ಆ ಕಡೆಯಿಂದ ಕುರಿಗಳ ಅರಚಾಟ ನನ್ನವರೆಗೂ ಕೇಳಿಸಿತು. ಮೊದಲು ಕುರಿಗಳ ಮೇವು, ನೀರು, ಕಾಲುಬೇನೆಯ ಒಂದು ಟಗರು ಇವನ್ನೆಲ್ಲ ವಿಚಾರಿಸಿದಳು. ಅವಸರವೇ ಇಲ್ಲದವಳ ಹಾಗೆ. ಆಮೇಲೆ, ಒಂದು ನಂಬರ್ ಬರುತ್ತದೆ, ಅದನ್ನು ಓದಿ ಹೇಳಬೇಕಂತೆ ಎಂದಳು. ಅವನು ಏನೋ ಕೇಳಿದ. ಅವಳು ಸೆರಗನ್ನು ಬಾಯಿಯ ಹತ್ತಿರ ತಂದಳು, ಮತ್ತೆ ಕೆಳಗಿಳಿಸಿದಳು.

"ಐದು," ಅಂದಳು.

ಆ ಕಡೆ ಕುರಿಗಳು ಮಾತ್ರ ಅರಚುತ್ತಿದ್ದವು.

"ಹೌದ್ರಿ, ಐದು. ಚಂದನಾನೂ ಹಿಡದು. ನಾನಾ ಹೇಳಾಕತ್ತೀನಿ."

ಅವನು ಏನೆಂದನೋ ನನಗೆ ಕೇಳಿಸಲಿಲ್ಲ. ಅವಳು ಹೂಂ ಎಂದಳು, ಎರಡು ಸಲ. ಸೋಮವಾರದೊಳಗೆ ಬನ್ನಿ, ಹಿಂಡನ್ನು ಜೊತೆಗಾರರ ಕೈಗೆ ಕೊಟ್ಟು ಬನ್ನಿ ಎಂದಳು. ನಾನು ಚಂದನಾಳ ವಿವರ ಒತ್ತಿದೆ. ಹೆಸರು, ವಯಸ್ಸು, ಓದು. ಉದ್ಯೋಗ ಎಂಬಲ್ಲಿ ಅವಳನ್ನೇ ಕೇಳಿದೆ. ಕಂಪ್ಯೂಟರ್ ಕೆಲಸ ಎಂದಳು. ವೈವಾಹಿಕ ಸ್ಥಿತಿಯಲ್ಲಿ ಆಯ್ಕೆಗಳನ್ನು ಒಂದೊಂದಾಗಿ ಓದಿದೆ. ಅವಳು ಯೋಚಿಸಿ, ಸದ್ಯಕ್ಕೆ ವಿವಾಹಿತೆ ಎಂದೇ ಇರಲಿ ಎಂದಳು, ಅದು ಸುಳ್ಳಲ್ಲವಲ್ಲ. ಪಾಲಾಕ್ಷಪ್ಪ ಅಂಕಿಗಳನ್ನು ಓದಿದ. ಮರುಳಸಿದ್ದಮ್ಮ ಅವನ್ನು ಒಂದೊಂದಾಗಿ ನನಗೆ ದಾಟಿಸಿದಳು, ಪ್ರತಿ ಅಂಕಿಯ ನಂತರವೂ ನನ್ನ ಬೆರಳು ಒತ್ತುವವರೆಗೆ ಕಾದು. ಆರನೆಯ ಅಂಕಿಗೆ ಪರದೆಯ ಮೇಲೆ ಹಸಿರು ಗುರುತು ಬಂತು.

ಮುಗಿಯಿತೇ ಎಂದು ಅವಳು ಕೇಳಿದಳು. ಮುಗಿಯಿತು ಎಂದೆ. ಇದನ್ನು ಇನ್ನು ಅಳಿಸಲು ಬರುವುದಿಲ್ಲವೇ ಎಂದು ಕೇಳಿದಳು. ನನ್ನ ಕೈಯಲ್ಲಿಲ್ಲ ಎಂದೆ. ಅವಳು ತಲೆಯಾಡಿಸಿ ಮುದುಕಿಯ ಪಕ್ಕದಲ್ಲಿ, ಅದೇ ಗೋಡೆಗೆ ಒರಗಿ ಕೂತಳು. ಒಮ್ಮೆಲೇ ಹತ್ತು ವರ್ಷ ಹೆಚ್ಚಾದವಳಂತೆ ಕಂಡಳು. ಗಾದೆಮ್ಮ ತನ್ನ ಎಲೆಯಡಿಕೆಯ ಚೀಲವನ್ನು ಅವಳ ಕಡೆ ಸರಿಸಿದಳು. ಅವಳು ತೆಗೆದುಕೊಳ್ಳಲಿಲ್ಲ, ದೂಡಲೂ ಇಲ್ಲ.

ನಾನು ಚೀಲ ಹೆಗಲಿಗೇರಿಸುತ್ತಿದ್ದೆ. ಮೂರು ನಿಮಿಷವೂ ಆಗಿರಲಿಲ್ಲ, ಚಂದನಾಳ ಕೈಯಲ್ಲಿನ ಫೋನು ಬಡಿದುಕೊಂಡಿತು. ಅವಳು ಹೆಸರು ನೋಡಿದಳು. ಅವಳ ಮುಖ ನೋಡಿ ನಮಗೆಲ್ಲ ಯಾರೆಂದು ತಿಳಿಯಿತು. ಏಳು ತಿಂಗಳಿಂದ ಆ ಕರೆಗಳನ್ನು ಬಡಿದು ಬಡಿದು ಸುಮ್ಮನಾಗಲು ಬಿಟ್ಟಿದ್ದೇನೆಂದು ಬಸ್ಸಿನಲ್ಲಿ ಹೇಳಿದ್ದಳು. ಭೂಮಿಕಾ ಹಿತ್ತಲಿನಿಂದ ಬಂದು ಬಾಗಿಲಲ್ಲಿ ನಿಂತಳು. ಚಂದನಾ ಅವ್ವನ ಕಡೆ ಒಮ್ಮೆ ನೋಡಿ ಫೋನು ಎತ್ತಿ ಕಿವಿಗಿಟ್ಟುಕೊಂಡಳು.

ಅವನ ಮಾತು ನಮಗೆ ಕೇಳಿಸಲಿಲ್ಲ, ದನಿ ಏರುವುದು ಇಳಿಯುವುದು ಮಾತ್ರ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಬರಸಿದ್ದು ಖರೇನ," ಅಂದಳು. ದನಿ ಒಡೆದು ಸಣ್ಣದಾಯಿತು. "ತೆಲಿಗ್ಯಾಗ. ನಮ್ಮನ್ಯಾಗ ಅದೀನಿ."

ಆ ಕಡೆಯವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಮತ್ತೆ ಕೇಳಿದನೋ. ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

ಗೋಡೆಯ ಬುಡದಿಂದ ಮರುಳಸಿದ್ದಮ್ಮ, ತಲೆ ಎತ್ತದೆಯೇ ಅಂದಳು: "ಅಂಗಳಕ್ಕ ಹೋಗಿ ಜೋರಾಗಿ ಹೇಳು. ಒಳಗ ಸಿಗ್ನಲ್ ಸಿಗಂಗಿಲ್ಲ."

ಚಂದನಾ ಮೆಟ್ಟಿಲಿಳಿದು ಅಂಗಳದ ನಡುವೆ ಹೋಗಿ ನಿಂತಳು. ಆಚೆ ಓಣಿಯಲ್ಲಿ ನೀರಿಗೆ ಹೊರಟ ಇಬ್ಬರು ಹೆಂಗಸರು ಕೊಡ ಹಿಡಿದು ನಿಂತು ಈ ಕಡೆ ತಿರುಗಿದರು. ಅವಳು ಅವರನ್ನು ನೋಡಿದಳು, ಮತ್ತೆ ಅದೇ ಮಾತನ್ನು ಓಣಿಗೆಲ್ಲ ಕೇಳುವಂತೆ ಹೇಳಿದಳು.